ಕಂಬಳಿ ಹಾಸಿದ ಮೇಲೆ

ನಮ್ಮ ಮನೆಯ ಗೋಡೆಗಳ ಮೇಲೆ ಏನೂ ಇರಲಿಲ್ಲ. ದೇವರ ಪಟವಿಲ್ಲ, ಶಿಲುಬೆಯಿಲ್ಲ, ಅಂಗಡಿಯವರು ಕೊಡುವ ಲಕ್ಷ್ಮಿ ಚಿತ್ರದ ಕ್ಯಾಲೆಂಡರೂ ಇಲ್ಲ. ಬೀದರಿನ ಆ ಗಲ್ಲಿಯಲ್ಲಿ ಹೊಸದಾಗಿ ಪರಿಚಯವಾದ ಹೆಂಗಸರು ಒಳಗೆ ಬಂದು ಸುತ್ತ ನೋಡಿ, "ಈಗ ಬಂದೀರೇನ್ರಿ ಈ ಮನಿಗಿ?" ಎಂದು ಕೇಳುತ್ತಿದ್ದರು. ಅವ್ವ "ಹೌದ್ರಿ" ಎಂದುಬಿಡುತ್ತಿದ್ದಳು. ನಾನು ಹುಟ್ಟುವ ಮೊದಲಿನಿಂದ ಅವರು ಅದೇ ಮನೆಯಲ್ಲಿದ್ದರು. ಮದುವೆಯ ಹೊತ್ತಿಗೆ ಅಪ್ಪ ಅವ್ವ ಮಾಡಿಕೊಂಡ ಒಪ್ಪಂದ ಅದು: ಗೋಡೆ ಇಬ್ಬರದು, ಹಾಗಾಗಿ ಗೋಡೆಯ ಮೇಲೆ ಯಾರ ದೇವರೂ ಬೇಡ. ಅವ್ವ ಭಾಲ್ಕಿಯ ಮೆಥಡಿಸ್ಟ್ ಮನೆತನದವಳು, ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಬೈಬಲ್ ಕಪಾಟಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಸೀರೆಗಳ ಕೆಳಗೆ ಇರುತ್ತಿತ್ತು. ಅದರ ಹಾಳೆಗಳಿಗೆ ಗಂಜಿಯ ವಾಸನೆ. ಅಪ್ಪ ಔರಾದ್ ತಾಲ್ಲೂಕಿನ ಚಿಂತಾಕಿಯ ಕುರುಬರ ಮನೆಯವನು, ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಅವನ ದೇವರು ಅಟ್ಟದ ಮೇಲೆ ತಗಡಿನ ಪೆಟ್ಟಿಗೆಯಲ್ಲಿದ್ದ: ಮನೆಯ ಕುರಿಗಳ ಉಣ್ಣೆಯಿಂದಲೇ ನೇಯ್ದ ಒಂದು ಕರಿ ಕಂಬಳಿ, ಅದರ ಮಡಿಕೆಯೊಳಗೆ ಭಂಡಾರದ ಚೀಲ. ಭಂಡಾರವೆಂದರೆ ಅರಿಶಿನದ ಪುಡಿಯೇ. ಬೀರಪ್ಪನ ಹೆಸರಿನಲ್ಲಿ ಚೀಲಕ್ಕೆ ಬಿದ್ದ ಮೇಲೆ ಅದನ್ನು ಯಾರೂ ಅರಿಶಿನ ಎನ್ನುವುದಿಲ್ಲ.

ಭಾನುವಾರ ಅವ್ವನ ಜೊತೆ ಚರ್ಚಿಗೆ ಹೋಗುತ್ತಿದ್ದೆ. ಅಮಾವಾಸ್ಯೆಗೆ ಅಪ್ಪ ಪೆಟ್ಟಿಗೆ ಇಳಿಸಿದಾಗ ಅವನ ಪಕ್ಕ ಕೂತು ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದೆ. ಆ ದಿನ ಅವ್ವ ಅಡುಗೆಮನೆಯಲ್ಲೇ ಇರುತ್ತಿದ್ದಳು, ಆದರೆ ನೈವೇದ್ಯಕ್ಕೆ ಬೇಕಾದ ಕಡಬು ಮಾಡಿಕೊಡುತ್ತಿದ್ದಳು. ಚರ್ಚಿನ ಬಾಗಿಲವರೆಗೆ ಅಪ್ಪ ನಮ್ಮನ್ನು ಸ್ಕೂಟರಿನಲ್ಲಿ ಬಿಟ್ಟು, ಒಳಗೆ ಬಾರದೆ, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕಾಯುತ್ತಿದ್ದ. ಸಾಲೆಯಲ್ಲಿ ಗೆಳತಿಯರು ನೀವು ಯಾರು ಎಂದು ಕೇಳಿದರೆ ನಾನು ಎದುರಿಗೆ ಇದ್ದವಳನ್ನು ನೋಡಿ ಉತ್ತರ ಕೊಡುತ್ತಿದ್ದೆ. ಎರಡೂ ನಿಜವಾದ್ದರಿಂದ ಸುಳ್ಳು ಹೇಳಿದ ಹಾಗೆ ಅನಿಸುತ್ತಿರಲಿಲ್ಲ. ಹೆಚ್ಚು ಹೇಳದಿರುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಅವ್ವ ತನ್ನ ಮದುವೆಯ ಕತೆಯನ್ನು ಒಂದೇ ಸಲ ಹೇಳಿದ್ದಾಳೆ, ನನ್ನ ತಲೆ ಬಾಚುತ್ತ, ನಾನು ಅವಳ ಮುಖ ನೋಡಲಾಗದಂಥ ಹೊತ್ತಿನಲ್ಲಿ. ಭಾಲ್ಕಿಯ ಅಜ್ಜ ಚರ್ಚಿನ ಹಿರಿಯರಲ್ಲಿ ಒಬ್ಬರು. ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದವರು. ತನ್ನ ಅಣ್ಣನನ್ನು ಆಸ್ಪತ್ರೆಗೆ ಕರೆತಂದಿದ್ದ ಕುರುಬರ ಹುಡುಗನನ್ನು, ನನ್ನ ಅಪ್ಪನನ್ನು, ಮಗಳು ಮದುವೆಯಾಗುತ್ತೇನೆ ಎಂದಾಗ ಅವರು ಬಾಗಿಲು ಹಾಕಿ, ಸೊಂಟದ ಪಟ್ಟಿ ಬಿಚ್ಚಿ, ತಂದೆತಾಯಿಯನ್ನು ಗೌರವಿಸಬೇಕೆಂಬ ಆಜ್ಞೆಯನ್ನು ಅವಳ ಬಾಯಿಂದಲೇ ಹೇಳಿಸುತ್ತ ಹೊಡೆದರು. ಅವಳು ತಪ್ಪಿದರೆ ಮತ್ತೆ ಮೊದಲಿಂದ. ಕೊನೆಗೆ ಅವಳ ತಮ್ಮ ಪ್ರಭುದಾಸ ಕಿಟಕಿಯಿಂದ ಒಳಗೆ ಹಾರಿ ನಡುವೆ ನಿಂತ. ಆಮೇಲೆ ಆ ಮನೆಯಿಂದ ನಮ್ಮ ಮನೆಗೆ ಬರುತ್ತಿದ್ದವನು ಅವನೊಬ್ಬನೇ, ನನ್ನ ಮಾಮಾ.

"ಹಂಗಾದ್ರ ಏಸುಸ್ವಾಮಿ ಹೊಡೆಸಿದ್ನಾ ನಿನಗ?" ಎಂದು ಕೇಳಿದೆ.

"ಹುಚ್ಚಿ. ಅವ ಯಾಕ ಹೊಡೆಸ್ತಾನ? ಅದು ನಮ್ಮಪ್ಪನ ಸಿಟ್ಟು. ಸಿಟ್ಟಿಗಿ ಏನರೆ ಒಂದು ಬೇಕಾಗಿತ್ತು, ಕೈಗಿ ಅದು ಸಿಕ್ತು."

ಅವಳು ಜಡೆ ಬಿಗಿಯಾಗಿ ಎಳೆದು ರಿಬ್ಬನ್ ಕಟ್ಟಿದಳು. ಆ ಉತ್ತರ ನನಗೆ ಬಹಳ ವರ್ಷ ಸಾಕಾಗಿತ್ತು.

ಅಪ್ಪನ ಕಡೆಯ ನಂಬಿಕೆಯನ್ನು ನಾನು ಕಲಿತದ್ದು ಚಿಂತಾಕಿಯಲ್ಲಿ, ಅವನ ತಾಯಿಯಿಂದ. ಆಯಿ ಎಂದು ಕರೆಯುತ್ತಿದ್ದೆವು. ಅವಳ ಅಂಗಳದಲ್ಲಿ ಒಂದು ಬೇಸಿಗೆಯಲ್ಲಿ ಜಗಳ ಬಂತು. ಪಕ್ಕದ ಮನೆಯವನ ಕುರಿಮರಿಯೊಂದು ಕಾಣೆಯಾಗಿತ್ತು; ಅಪ್ಪನ ದೊಡ್ಡಪ್ಪನ ಮಗನ ಮೇಲೆ ಅನುಮಾನ. ಎರಡೂ ಕಡೆಯವರು ಬಾಯಿಗೆ ಬಂದಂತೆ ಬೈದಾಡಿ ಬೇಸತ್ತ ಮೇಲೆ ಆಯಿ ಒಳಗಿಂದ ಕರಿ ಕಂಬಳಿ ತಂದು ನೆಲಕ್ಕೆ ಹಾಸಿದಳು. ಅದರ ಮೇಲೆ ಭಂಡಾರ ಸುರಿದಳು. ಹಾಗೆ ಹಾಸಿದ ಮೇಲೆ ಅದು ಹೊದೆಯುವ ಕಂಬಳಿಯಲ್ಲ, ಬೀರಪ್ಪನ ಗದ್ದುಗೆ. ಅದರ ಮೇಲೆ ನಿಂತು, ಮುಷ್ಟಿಯಲ್ಲಿ ಭಂಡಾರ ಹಿಡಿದು ನಮ್ಮವರು ಯಾರೂ ಸುಳ್ಳು ಹೇಳುವುದಿಲ್ಲ. ಬೈದಾಡುತ್ತಿದ್ದವನು ಕಾಲು ತೊಳೆದು ಬಂದು ನಿಂತ. ಭಂಡಾರ ಹಿಡಿದ. ಅವನ ದನಿಯೇ ಬೇರೆಯಾಯಿತು.

"ನಾನೇ ತಿಂದೀನಿ. ಹೇಂತಿ ಬಾಣಂತಿ, ರುಚಿ ಬೇಡಿದಳು."

"ಬಾಣಂತಿ ತಿಂದಳೋ, ನೀ ತಿಂದ್ಯೋ?" ಎಂದು ಪಕ್ಕದ ಮನೆಯವನು ಕೇಳಿದ.

"ಕಾಲ ಅಕಿಗಿ. ಉಳದದ್ದು ನನಗ."

ಎಲ್ಲರೂ ನಕ್ಕರು. ಮರಿ ಕಳಕೊಂಡವನೂ ನಕ್ಕ. ಆಯಿ ಇಬ್ಬರ ಹಣೆಗೂ ಭಂಡಾರ ಹಚ್ಚಿ, ಒಂದೇ ತಟ್ಟೆಯಲ್ಲಿ ರೊಟ್ಟಿ, ಪುಂಡಿ ಪಲ್ಯ ಹಾಕಿ ಕೂಡಿಸಿದಳು. ಅಲ್ಲಿಗೆ ಮುಗಿಯಿತು. ಕಂಬಳಿಯ ಮೇಲೆ ಖರೇ ಹೇಳಿ ಜೊತೆಗೆ ಉಂಡಮೇಲೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ಎತ್ತಿದರೆ ದೋಷ ಎತ್ತಿದವನಿಗೆ. ಬೆತ್ತದ ಶಿಕ್ಷೆ ನೋಡಿದ್ದ ಸಾಲೆ ಹುಡುಗಿ ನಾನು. ನನಗೆ ಇದು ಲೋಕದಲ್ಲೇ ಒಳ್ಳೆಯ ನ್ಯಾಯವಾಗಿ ಕಂಡಿತು. ಮನೆಗೆ ಬಂದು ಅವ್ವನ ಮುಂದೆ ಜಂಬ ಕೊಚ್ಚಿದೆ.

"ನಿಮ್ಮ ಚರ್ಚಿನಾಗ ಹಿಂಗ ಅದೇನು?"

"ನಮ್ಮಲ್ಲಿ ಮಾಫಿ ಅದ," ಅಂದಳು ಅವ್ವ. "ಹೇಳಿದ್ರೂ ಅದ, ಹೇಳದಿದ್ರೂ ಅದ."

ಮಾಳಪ್ಪ ಕಾಕಾ, ಅಪ್ಪನ ತಮ್ಮ, ನಾನು ಹೈಸ್ಕೂಲಿಗೆ ಬಂದ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಸೇರಿದ. ಕುರಿ ಕಾಯುವುದು ಬೇಸರವಾಗಿತ್ತು. ಅಪ್ಪ ಕೊಳಾರದ ಗೋದಾಮಿನಲ್ಲಿ ಮಾಲು ಇಳಿಸುವ ಕೆಲಸ ಕೊಡಿಸಿದ. ಕಾಕಾ ಬಂದಮೇಲೆ ಮನೆಯಲ್ಲಿ ಸದ್ದು ಬಂತು. ಅವನು ಸ್ನಾನದ ಮನೆಯಿಂದಲೇ ಮಾತಾಡುವವನು, ರೊಟ್ಟಿ ಬಡಿಯುವ ಅವ್ವನ ಎದುರು ಕೂತು ಹಂಚಿನಿಂದಲೇ ಎತ್ತಿ ತಿನ್ನುವವನು. ಕ್ರಿಸ್ಮಸ್‌ಗೆ ಚಿಂತಾಕಿಯಿಂದ ಕಡಿಯಲೆಂದು ಹೋತವೊಂದನ್ನು ಬಸ್ಸಿನಲ್ಲಿ ಹೊತ್ತು ತಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದ.

"ವೈನೀ, ನಿಮ್ಮ ಏಸಪ್ಪಗ ಬ್ಯಾಟಿ ನಡೀತದೇನ್ರಿ? ನಮ್ಮ ಬೀರಪ್ಪಗಂತೂ ನಡೀತದ."

"ಅವನಿಗಿ ಬ್ಯಾಡ. ನಿನಗ ನಡೀತದಲ್ಲ, ತಾ ಒಳಗ," ಎನ್ನುತ್ತಿದ್ದಳು ಅವ್ವ.

ಪ್ರಭು ಮಾಮಾ ಔರಾದ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಾಸ್ತರ. ಶನಿವಾರ ಸಾಲೆ ಬಿಟ್ಟಮೇಲೆ ನಮ್ಮಲ್ಲಿಗೆ ಬರುತ್ತಿದ್ದ. ಕಾಕಾನಿಗೆ ಸಹಿ ಮಾಡುವುದನ್ನು ಕಲಿಸಿದವನು ಅವನು. ಕಾಕಾ ಹೆಬ್ಬೆಟ್ಟಿನವನಲ್ಲ, ಆದರೆ ತನ್ನ ಹೆಸರಿನ ಕೊನೆಗೆ ಗೆರೆ ಎಳೆದು ಚುಕ್ಕೆ ಇಡುವ ಸಹಿ ಬೇಕೆಂದು ಹಟ ಹಿಡಿದಿದ್ದ. ಇಬ್ಬರೂ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಅದನ್ನು ತಿದ್ದುತ್ತ ಕೂತಿರುತ್ತಿದ್ದರು. ಅವ್ವ ನೀರುಬಟ್ಟೆ ಹಿಡಿದು ಬೈಯುತ್ತ ಹಿಂದೆಯೇ ಒರೆಸುತ್ತಿದ್ದಳು.

ಕಾಕಾ ಬದಲಾದ ದಿನ ಎಂದು ತೋರಿಸಲು ನನ್ನ ಬಳಿ ಯಾವ ದಿನವೂ ಇಲ್ಲ. ಗೋದಾಮಿನ ಗೇಟಿನ ಹತ್ತಿರ ಕೂರುತ್ತಿದ್ದ ಕೆಲವರ ಜೊತೆ ಅವನು ತಿರುಗತೊಡಗಿದ. ಅವರು ಅವನನ್ನು ಮಾಳಪ್ಪಣ್ಣ ಎನ್ನುತ್ತಿದ್ದರು. ಗೋದಾಮಿನಲ್ಲಿ ಅವನು "ಏ ಮಾಳ್ಯಾ" ಆಗಿದ್ದ. ಕೊರಳಿಗೆ ಒಂದು ಶಾಲು ಬಂತು. ಊಟದ ಹೊತ್ತಿಗೆ ಅವನು ಹೇಳುವ ಕತೆಗಳಲ್ಲಿ "ಅವರು" ಎಂಬ ಮಾತು ಹೆಚ್ಚಾಯಿತು. ಒಮ್ಮೆ ಆ ಮಾತು ಹೇಳಿ, ಅವ್ವ ಎದುರಿಗೆ ಇರುವುದು ನೆನಪಾಗಿ, "ನಿಮಗಲ್ಲರಿ ವೈನಿ, ನೀವು ನಮ್ಮವರು" ಅಂದ. ಅವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳಿಗೆ ಖುಷಿಯಾಗಿರಬೇಕು ಎಂದು ನಾನು ಆಗ ಅಂದುಕೊಂಡೆ.

ಒಂದು ಶುಕ್ರವಾರ ಸಂಜೆ ಪ್ರಭು ಮಾಮಾನನ್ನು ಔರಾದ್ ಕಡೆಯಿಂದ ಜೀಪಿನಲ್ಲಿ ಅವ್ವನ ಆಸ್ಪತ್ರೆಗೆ ತಂದರು. ಅವನು ಇದ್ದ ಹಳ್ಳಿಯ ಒಂದು ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆ ನಡೆಯುತ್ತಿತ್ತು. ಮಾಮಾ ಅಲ್ಲಿ ಹಾಡು ಹೇಳಿಕೊಡುತ್ತಿದ್ದ. ಆ ದಿನ ಬೈಕುಗಳ ಮೇಲೆ ಗುಂಪೊಂದು ಬಂದು ಜನರನ್ನು ಮತಾಂತರ ಮಾಡುತ್ತೀರೆಂದು ಕೂಗಿ, ದೇವರ ಹೆಸರು ಕೂಗಿ, ಹೊಡೆಯಿತು. ಮಾಮಾನ ಎಡಗಿವಿಯ ಮೇಲೆ ಪೆಟ್ಟು ಬಿದ್ದಿತ್ತು. ಅವ್ವ ಡ್ಯೂಟಿಯಲ್ಲಿದ್ದಳು. ರಕ್ತ ಒರೆಸಿದವಳು ಅವಳೇ. ಒರೆಸುವಾಗ ಅವನು ಅವಳ ಕೈ ಹಿಡಿದು ಹೇಳಿದ.

"ಅಕ್ಕಾ, ಮಾಳಪ್ಪ ಇದ್ದ. ನನಗ ಹೊಡದಂವ ಅವನೇ. ಬ್ಯಾರೆ ಯಾರೂ ನನ್ನ ಮುಟ್ಟಿಲ್ಲ."

ಆ ಕಿವಿ ಮತ್ತೆ ಕೇಳಲಿಲ್ಲ. ಪೊಲೀಸರು ಹೇಳಿಕೆ ತೆಗೆದುಕೊಳ್ಳಲು ಬಂದಾಗ, ತಲೆ ಸುತ್ತುತ್ತಿದೆ, ಸೋಮವಾರ ಠಾಣೆಗೆ ಬಂದು ಹೇಳುತ್ತೇನೆ ಎಂದ ಮಾಮಾ. ಗುಂಪಿನಲ್ಲಿ ಇದ್ದವರ ಗುರುತು ಹೇಳುವವರು ಬೇರೆ ಯಾರೂ ಇರಲಿಲ್ಲ. ಉಳಿದವರು ಹೆದರಿ ಬಾಯಿ ಮುಚ್ಚಿದ್ದರು. ಹಾಗಾಗಿ ಆ ಶನಿವಾರ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಮಾಮಾ ಕಾಕಾನ ಹೆಸರು ಹೇಳುತ್ತಾನೋ ಇಲ್ಲವೋ. ಕಾಕಾ ಚಿಂತಾಕಿಗೆ ಓಡಿಹೋಗಿದ್ದ. ಆಯಿ ಅಲ್ಲಿಂದ ಮೊದಲ ಬಸ್ಸಿಗೆ ಬಂದು ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅವ್ವ ಒಲೆಯ ಮುಂದೆ. ನಾನು ಬಟಾಣಿ ಬಿಡಿಸುತ್ತಿದ್ದೆ, ಬಿಡಿಸಿದ್ದನ್ನೇ ಮತ್ತೆ ಮತ್ತೆ ಆರಿಸುತ್ತಿದ್ದೆ.

"ಯಾ ಧರ್ಮ ಹೊಡಿ ಅಂತ ಹೇಳ್ತದ?" ಅಪ್ಪ ಶುರು ಮಾಡಿದ. "ಯಾ ದೇವ್ರೂ ಹೇಳಂಗಿಲ್ಲ. ಆ ಮಂದಿ ನನ್ನ ತಮ್ಮನ ತಲಿ ಕೆಡಿಸ್ಯಾರ."

"ಧರ್ಮ ಹೊಡೀಲಿಲ್ಲ," ಅವ್ವ ತಿರುಗದೆ ಹೇಳಿದಳು. "ಮಾಳಪ್ಪನೂ ಹೊಡೀಲಿಲ್ಲ, ಅವನ ತಲಿ ಕೆಡಿಸ್ಯಾರ. ಹಂಗಾದ್ರ ನನ್ನ ತಮ್ಮನ ಕಿವಿ ಯಾರು ಒಡದ್ರು? ನೀವೇ ಹೇಳ್ರಿ."

"ಹಂಗಲ್ಲ ಸುಶೀಲಾ..."

"ಹೊಡಿಯೋ ಮುಂದ ಅವನ ಬಾಯಾಗ ಏನಿತ್ತು? ದೇವ್ರ ಹೆಸರಿತ್ತು. ಆ ಹೆಸರಿಲ್ಲದೆ ಅವ ಪ್ರಭೂನ ಮ್ಯಾಲ ಕೈ ಎತ್ತತಿದ್ನೇನು? ಸಹಿ ಕಲಿಸ್ಯಾನ ಅಂವ."

ಆಯಿ ನಡುವೆ ಬಾಯಿ ಹಾಕಿದಳು. "ಅದು ನಮ್ಮ ದೇವ್ರ ಹೆಸರಲ್ಲವ್ವಾ. ಬೀರಪ್ಪ ಮಂದಿ ಮನಿಗಿ ಹೋಗಿ ಜಗಳಾ ತಗ್ಯಂಗಿಲ್ಲ."

"ನಿಮ್ಮ ಮಗ ಹೋಗ್ಯಾನಲ್ಲರಿ, ಅತ್ತಿ."

ಅಪ್ಪ ಅಷ್ಟು ಹೊತ್ತು ಹಿಡಿದಿಟ್ಟ ಮಾತನ್ನು ಆಗ ಆಡಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದಕ್ಕೇ ಅದು ನಾಟಿತು.

"ನಿಮ್ಮಪ್ಪ ಆಜ್ಞಾ ಹೇಳಿಸ್ಕೋತ ನಿನಗ ಹೊಡದ. ನೀ ಏಸೂಗ ಒಂದು ಮಾತ ಅಂದೇನು? ಅಪ್ಪನ ಸಿಟ್ಟು ಅಂದಿ. ಇದೂ ಮಾಳಪ್ಪನ ಸಿಟ್ಟು ಅನ್ನು."

ಅವ್ವ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಕೆಳಗಿಟ್ಟಳು.

"ಆಗ ನಾ ಅಂದದ್ದು ತಪ್ಪಿತ್ತು ಕಾಣಸ್ತದ," ಎಂದಳು.

ನನ್ನ ಇಡೀ ಬಾಲ್ಯದಲ್ಲಿ ನಾನು ಕೇಳಿದ ಅತ್ಯಂತ ಒಂಟಿಯಾದ ಮಾತು ಅದು. ಅಪ್ಪ ತನ್ನ ದೇವರನ್ನು ಬಿಡಿಸಿಕೊಳ್ಳಲು ಆಡಿದ ಮಾತು ಅವಳ ದೇವರನ್ನು ಹಿಡಿದುಹಾಕಿತ್ತು. ಇಬ್ಬರಿಗೂ ಅದು ಗೊತ್ತಾಯಿತು.

ಕಂಬಳಿಯ ಮಾತು ತೆಗೆದವಳು ಆಯಿ. ಮಾಳಪ್ಪ ಬರಲಿ, ಕಂಬಳಿಯ ಮೇಲೆ ನಿಲ್ಲಲಿ, ಹೊಡೆದಿದ್ದರೆ ಹೊಡೆದೆ ಎನ್ನಲಿ. ಅವ್ವ ಬೇಡ ಎಂದಳು; ನೇರ ಠಾಣೆಗೆ ಹೋಗಲಿ ಎಂದಳು. ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಪ್ರಭು ಮಾಮಾ ಒಪ್ಪಿಕೊಂಡ. ಅವನು ವರ್ಷಗಳಿಂದ ನಮ್ಮ ಮನೆಯಲ್ಲಿ ಉಂಡವನು, ಆ ಕಂಬಳಿಯ ಮೇಲೆ ಸುಳ್ಳು ಬರುವುದಿಲ್ಲ ಎಂಬ ನನ್ನ ಜಂಬವನ್ನೂ ಕೇಳಿದವನು.

"ಅದರ ಮ್ಯಾಲ ಅವರು ಸುಳ್ಳು ಹೇಳಂಗಿಲ್ಲಕ್ಕಾ," ಎಂದ. "ಕೋರ್ಟಿನಾಗ ಅವ ಹೊಡದಿಲ್ಲ ಅಂತಾನ, ವಕೀಲ ಹಂಗ ಹೇಳ್ಕೊಡ್ತಾನ. ಒಂದ್ ಸಲ ಅವನ ಬಾಯಿಲೆ ನನಗ ಕೇಳ್ಬೇಕಾಗ್ಯದ. ಎಲ್ಲಾರ ಮುಂದ. ಆಮ್ಯಾಲ ಸೋಮವಾರ ಠಾಣಾಕ್ಕ ಹೋಗ್ತೀನಿ."

ಭಾನುವಾರ ಮಧ್ಯಾಹ್ನ ನಮ್ಮ ಮುಂದಿನ ಕೋಣೆಯಲ್ಲಿ ಅಪ್ಪ ಕಂಬಳಿ ಹಾಸಿದ. ಮಾಮಾ ತಲೆಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದ, ಬಲಗಿವಿ ಮುಂದಕ್ಕೆ ಬರುವ ಹಾಗೆ ಸ್ವಲ್ಪ ಓರೆಯಾಗಿ. ಅವ್ವ ಅಡುಗೆಮನೆಯ ಬಾಗಿಲಲ್ಲಿ, ನಾನು ಅವಳ ಪಕ್ಕ. ಕಾಕಾ ಬಂದ. ಶಾಲು ಇರಲಿಲ್ಲ. ಕಾಲು ತೊಳೆದು ಕಂಬಳಿಯ ಮೇಲೆ ನಿಂತ. ಅವನು ಹೆದರಿದ್ದ. ಮುಷ್ಟಿಯಲ್ಲಿ ಭಂಡಾರ ಹಿಡಿದ. ಬೆರಳ ಸಂದಿಯಿಂದ ಅದು ಉದುರುತ್ತಿತ್ತು.

"ಹೊಡದೆ," ಎಂದ. "ಬಂಡಿಯ ಗೂಟ ಇತ್ತು ಕೈಯಾಗ. ಅದರಲೇ ಹೊಡದೆ."

"ನಾ ಅಂತ ಗುರ್ತ ಹತ್ತಿತ್ತೇನು?" ಮಾಮಾ ಕೇಳಿದ.

"ಹತ್ತಿತ್ತು, ಮಾಸ್ತರ್ರ. ಬಾಗಲದಾಗೇ ಹತ್ತಿತ್ತು."

"ಮತ್ತ ಯಾಕ?"

ಕಾಕಾ ಯೋಚಿಸಿದ. ಅವನು ನಿಜವಾಗಿಯೂ ಹುಡುಕುತ್ತಿದ್ದ, ಕಂಬಳಿಯ ಮೇಲೆ ಸುಮ್ಮನೆ ಏನೋ ಹೇಳುವಂತಿರಲಿಲ್ಲ.

"ಎಲ್ಲಾರೂ ನನ್ನ ನೋಡ್ಲತ್ತಿದ್ರು. ನೀವು ನನ್ನ ಹೆಸರ್ಲೆ ಕರದ್ರಿ. ಗುರ್ತಿನಂವ ಅಂತ ಬಿಟ್ಟ ಅಂತಾರ ಅನಿಸ್ತು. ದೇವ್ರ ಕೆಲಸದಾಗ ನಮ್ಮವರು ತಮ್ಮವರು ಅನಬಾರದು ಅಂತ ಹೇಳಿದ್ರು. ಹೊಡದೆ."

ಅಪ್ಪ ಮುಖ ಮುಚ್ಚಿಕೊಂಡ. ಆಯಿ ಮಾತ್ರ ಎದ್ದಳು. ಅವಳ ಮುಖದಲ್ಲಿ ಒಂದು ಬಿಡುಗಡೆ ಇತ್ತು. ಮಗ ಸುಳ್ಳು ಹೇಳಿರಲಿಲ್ಲ. ಅವನ ಹಣೆಗೆ ಭಂಡಾರ ಹಚ್ಚಿದಳು. ಕುರ್ಚಿಯ ಕಡೆ ಬಂದು, ಪಟ್ಟಿಯ ಕೆಳಗೆ ಉಳಿದಿದ್ದ ಜಾಗದಲ್ಲಿ ಮಾಮಾನ ಹಣೆಗೂ ಹಚ್ಚಿದಳು. ಮಾಮಾ ಬೇಡ ಎನ್ನಲಿಲ್ಲ, ಅವನು ಇನ್ನೂ ಕಾಕಾನನ್ನೇ ನೋಡುತ್ತಿದ್ದ. ಆಯಿ ಒಂದೇ ತಟ್ಟೆ ತಂದಿಟ್ಟಳು. ಅವ್ವ ಅದಕ್ಕೆ ರೊಟ್ಟಿ ಹಾಕಿ, ಬೇಳೆ ಸುರಿದು, ಯಾರ ಮುಖವನ್ನೂ ನೋಡದೆ ಬಾಗಿಲಿಗೆ ಹೋದಳು. ಇಬ್ಬರೂ ಉಂಡರು. ನಡುವೆ ಕಾಕಾ ತನ್ನ ಹಳೆಯ ದನಿಯಲ್ಲಿ, "ವೈನಿ, ಇವತ್ತ ಉಪ್ಪು ಜರಾ ಕಡಿಮಿ ಬಿದ್ದಾದ್ರಿ" ಎಂದ. ಎದೆಯಿಂದ ಕಲ್ಲು ಇಳಿದವನ ದನಿ ಅದು.

ಕೈ ತೊಳೆದು ಬಂದು ಮಾಮಾ, "ಹಂಗಾದ್ರ ನಾಳಿ ಮುಂಜಾನೆ ಠಾಣಾಕ್ಕ..." ಎಂದು ಅಪ್ಪನಿಗೆ ಹೇಳತೊಡಗಿದ.

"ಠಾಣಾ ಯಾತಕ್ಕ?" ಆಯಿ ಅಚ್ಚರಿಯಿಂದ ಕೇಳಿದಳು. "ಖರೇ ಹೇಳ್ಯಾನಲ್ಲ. ಕೂಡಿ ಉಂಡೀರಲ್ಲ."

ಆಗ ನಮಗೆಲ್ಲ ತಿಳಿಯಿತು. ಮಾಮಾ ಕಂಬಳಿಯನ್ನು ಶುರುವೆಂದು ತಿಳಿದು ಒಪ್ಪಿದ್ದ. ಆಯಿಗೆ ಅದು ಕೊನೆ. ಅವಳು ಮೋಸ ಮಾಡಿರಲಿಲ್ಲ. ಕಂಬಳಿ ಹಾಸಿ ಕೂಡಿ ಉಂಡಮೇಲೆ ಇನ್ನೇನಾದರೂ ಉಳಿಯುತ್ತದೆ ಎಂದು ಅವಳ ಊರಿನಲ್ಲಿ ಯಾರೂ ಅಂದುಕೊಂಡಿರಲಿಲ್ಲ, ಮೊದಲೇ ಹೇಳಬೇಕೆಂದು ತೋಚಿಯೂ ಇರಲಿಲ್ಲ. ಕಂಬಳಿ ಖರೇ ಮಾತನ್ನು ಕೇಳಿತು, ಸಿಕ್ಕಿತು. ಪಶ್ಚಾತ್ತಾಪ ಕೇಳಿರಲಿಲ್ಲ. ಅದು ಕುರಿಮರಿ ತಿಂದವರಿಗಾಗಿ ಆದ ನ್ಯಾಯ.

"ಹೋಗು ಪ್ರಭು," ಅವ್ವ ಬಾಗಿಲಿಂದ ಹೇಳಿದಳು. "ಹೋಗಿ ಹೇಳು. ನೀ ಏನ್ ಅವರ ದೇವ್ರಿಗಿ ನಡಕೊಳ್ಳಂವಲ್ಲ."

ಮಾಮಾ ಅಪ್ಪನ ಕಡೆ ನೋಡಿದ. ಅಪ್ಪ ಏನೂ ಬೇಡಿಕೊಳ್ಳಲಿಲ್ಲ. ನೆಲದ ಮೇಲೆ ಉದುರಿದ ಭಂಡಾರವನ್ನು ಅಂಗೈಯಿಂದ ಗುಡ್ಡೆ ಮಾಡುತ್ತಿದ್ದ.

"ಅವರ ದೇವ್ರ ಮುಂದ ಕೂತು ಉಂಡೀನಲ್ಲಕ್ಕಾ," ಎಂದ ಮಾಮಾ. "ಭಾವನ ಮಾರಿ ಹ್ಯಾಂಗ ನೋಡ್ಲಿ?"

ಸೋಮವಾರ ಅವನು ಠಾಣೆಯಲ್ಲಿ, ಗದ್ದಲದಲ್ಲಿ ಯಾರ ಮುಖವೂ ಕಾಣಲಿಲ್ಲ ಎಂದು ಹೇಳಿ ಬಂದ. ಮುಂದಿನ ಭಾನುವಾರ ನಮ್ಮ ಚರ್ಚಿನಲ್ಲಿ ಪಾಸ್ಟರ್ ಅವನನ್ನು ಮುಂದೆ ಕರೆದರು. ಕ್ಷಮೆಯ ಬಗ್ಗೆ ಪ್ರಸಂಗ ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು. ಮಾಮಾ ಎದ್ದು ನಿಂತು, ನನಗೆ ಹೊಡೆದವರನ್ನು ಕ್ಷಮಿಸಿದ್ದೇನೆ ಎಂದ. ಅವನ ದನಿ ತುಸು ಜೋರಾಗಿತ್ತು. ತನ್ನ ದನಿ ಎಷ್ಟು ಕೇಳುತ್ತದೆ ಎಂಬ ಅಂದಾಜು ಅವನಿಗೆ ಆಗಲೇ ತಪ್ಪಿತ್ತು. ಹೆಂಗಸರು ಕಣ್ಣು ಒರೆಸಿಕೊಂಡರು. ಹಿಂದಿನ ಬೆಂಚುಗಳಿಂದ ಆಮೆನ್ ಬಂತು. ನಾನು ಅವ್ವನನ್ನು ನೋಡಿದೆ. ಅವಳು ಹಾಡಿನ ಪುಸ್ತಕವನ್ನು ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಎದುರಿನ ಬೆಂಚಿನ ಬೆನ್ನನ್ನು ನೋಡುತ್ತಿದ್ದಳು. ಹೊರಗೆ ಹೋಟೆಲಿನ ಮುಂದೆ ಅಪ್ಪ ಕಾಯುತ್ತಿದ್ದ. ಮಾಮಾ ಹೋಗಿ ಅವನ ಜೊತೆ ಚಹಾ ಕುಡಿದ.

ಆಮೇಲೆ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಈ ವಾದವನ್ನು ಎಷ್ಟೋ ಸಲ ಕೇಳಿದ್ದೇನೆ. ಧರ್ಮದ ಹೆಸರಿನಲ್ಲಿ ನಡೆಯುವ ಹಿಂಸೆಗೆ ಧರ್ಮವೇ ಹೊಣೆ ಎನ್ನುವವರು ಒಂದು ಕಡೆ. ಧರ್ಮ ಪವಿತ್ರ, ಮನುಷ್ಯ ಕೆಟ್ಟವನು, ಹೆಸರನ್ನು ಬಳಸಿಕೊಂಡ ಎನ್ನುವವರು ಇನ್ನೊಂದು ಕಡೆ. ನಾನು ಅಲ್ಲಿ ಮಾತಾಡುತ್ತಿರಲಿಲ್ಲ. ಇಬ್ಬರೂ ಧರ್ಮದ ಕೆಟ್ಟ ಭಾಗದ ಬಗ್ಗೆಯೇ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು: ಘೋಷಣೆ, ಶಾಲು, ದ್ವೇಷ ಕಲಿಸುವ ಭಾಷಣ. ಅವನ್ನೆಲ್ಲ ನಾನೂ ನೋಡಿದ್ದೇನೆ. ಆದರೆ ನಮ್ಮ ಮನೆಯಲ್ಲಿ ಕಾಕಾನನ್ನು ಉಳಿಸಿದ್ದು ಅವು ಯಾವುದೂ ಅಲ್ಲ. ಒಂದು ದೇವರು ಖರೇ ಹೇಳು ಎಂದ, ಅವನು ಹೇಳಿದ. ಇನ್ನೊಂದು ದೇವರು ಕ್ಷಮಿಸು ಎಂದ, ಇವನು ಕ್ಷಮಿಸಿದ. ಎರಡು ಧರ್ಮಗಳಲ್ಲಿ ನಾನು ಅತ್ಯಂತ ಪ್ರೀತಿಸಿದ್ದ ಎರಡು ಸಂಗತಿಗಳು ಕೂಡಿ ಒಬ್ಬ ಮನುಷ್ಯನ ಕಿವಿಗೆ ಬಿದ್ದ ಪೆಟ್ಟನ್ನು ಇಲ್ಲವಾಗಿಸಿದವು. ಇದಕ್ಕೆ ಹೊಣೆ ಯಾರು ಎಂದು ಕೇಳಿದರೆ ತೋರಿಸಲು ಬೆರಳಿದೆ, ಯಾವ ಕಡೆ ತಿರುಗಿಸಬೇಕೋ ಗೊತ್ತಿಲ್ಲ. ದೇವರನ್ನು ಬಿಟ್ಟು ಕಾಕಾನನ್ನು ಹಿಡಿದರೆ ಅವನ ಬಾಯಲ್ಲಿದ್ದ ಹೆಸರು ಉಳಿಯುತ್ತದೆ. ದೇವರನ್ನು ಹಿಡಿದರೆ ಕಾಕಾ ಬಿಟ್ಟುಹೋಗುತ್ತಾನೆ. ಅವನು ಹೇಗೂ ಬಿಟ್ಟುಹೋದ.

ಪ್ರಭು ಮಾಮಾ ಆಮೇಲೂ ಶನಿವಾರ ಬರುತ್ತಿದ್ದ, ಮೊದಲು ಪ್ರತಿ ವಾರ, ಆಮೇಲೆ ಹಬ್ಬಕ್ಕೆ, ಆಮೇಲೆ ವರ್ಗ ಮಾಡಿಸಿಕೊಂಡು ದೂರದ ಊರಿಗೆ ಹೋದ. ಕಾಕಾ ಮುಂದಿನ ಕೋಣೆಯಲ್ಲೇ ಇದ್ದ. ಅವ್ವ ಅವನಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಬೈಯಲೂ ಇಲ್ಲ, ತಮಾಷೆಗೆ ಉತ್ತರ ಕೊಡಲೂ ಇಲ್ಲ. ಅವಳು ಚರ್ಚಿಗೆ ಹೋಗುವುದು ಕಡಿಮೆ ಮಾಡಿದಳು. ಭಾನುವಾರದ ಡ್ಯೂಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ಅಮಾವಾಸ್ಯೆಗೆ ಕಡಬು ಮಾಡಿ ಇಡುತ್ತಿದ್ದಳು, ಅಪ್ಪ ಕರೆಯುವ ಮೊದಲೇ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು.

ನಾನು ಪದವಿಯ ಕೊನೆಯ ವರ್ಷದಲ್ಲಿ ರಜೆಗೆ ಬಂದಿದ್ದಾಗ ಭಾಲ್ಕಿ ರಸ್ತೆಯಲ್ಲಿ ದನ ಸಾಗಿಸುತ್ತಿದ್ದ ಟೆಂಪೊ ಒಂದನ್ನು ನಿಲ್ಲಿಸಿ ಡ್ರೈವರನನ್ನು ಹೊಡೆದರು. ಅವನು ಯಾವೂರವನೋ ನಮಗೆ ತಿಳಿಯಲಿಲ್ಲ. ಮುಂಗೈ ಮುರಿದಿತ್ತು ಎಂದು ಅವ್ವನ ಆಸ್ಪತ್ರೆಯಲ್ಲಿ ಮಾತಾಡಿಕೊಂಡರು. ಮಾರನೆಯ ದಿನ ಮಧ್ಯಾಹ್ನ ಕಾಕಾ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ. ತಟ್ಟೆಯ ಮುಂದೆ ಕೂತು ಉಣ್ಣಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು.

"ಅಣ್ಣಾ, ಕಂಬಳಿ ಇಳಸು," ಎಂದ.

ಅಪ್ಪ ಅವನನ್ನು ನೋಡಿದ. "ಅವನಿಗಿ ಕರೀಬೇಕಲ್ಲೋ. ಪೆಟ್ಟ ತಿಂದಂವ ಇರಬೇಕಲ್ಲ."

"ಅವನ ಹೆಸರ ಸುದ್ದಾ ಗೊತ್ತಿಲ್ಲ. ಅವರಿಗಿ ನಮ್ಮ ಕಂಬಳಿ ಏನ್ ತಿಳೀತದ? ನಾ ಹೇಳ್ತೀನಿ, ನೀ ಕೇಳು. ಎದಿ ಮ್ಯಾಲ ಕುಂತಂಗ ಆಗ್ಯದಣ್ಣಾ. ಹೇಳದೆ ನನಗ ಉಣ್ಣಾಕ ಆಗವಲ್ದು."

ಅವನು ಅಪ್ಪನನ್ನು ಆಡಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು. ಸಂಕಟಕ್ಕೆ ಮದ್ದು ಎಲ್ಲಿದೆ ಎಂದು ಅವನಿಗೆ ಈಗ ಗೊತ್ತಿತ್ತು. ಅಪ್ಪ ಇಲ್ಲ ಎನ್ನಬಹುದಾಗಿತ್ತು. ಆದರೆ ಖರೇ ಹೇಳುತ್ತೇನೆ ಎಂದು ಬಂದವನಿಗೆ ಕಂಬಳಿ ಇಲ್ಲ ಎಂದು ಅವನ ಮನೆತನದಲ್ಲಿ ಯಾರೂ ಹೇಳಿರಲಿಲ್ಲ. ಅವನು ಕುರ್ಚಿ ಹತ್ತಿ ಪೆಟ್ಟಿಗೆ ಇಳಿಸಿದ. ಕಾಕಾ ಕಾಲು ತೊಳೆದು ಬಂದು ನಿಂತು, ಭಂಡಾರ ಹಿಡಿದು, ಎಲ್ಲವನ್ನೂ ಹೇಳಿದ. ರಾಡು, ಕೈ, ಆ ಮನುಷ್ಯ ಯಾವ ಭಾಷೆಯಲ್ಲಿ ಬೇಡಿಕೊಂಡ ಎಂಬುದನ್ನೂ ಬಿಡಲಿಲ್ಲ. ಕೇಳಿದವರು ನಾವು ಮೂವರೇ. ಅಪ್ಪ ಅವನ ಹಣೆಗೆ ಹಳದಿ ಹಚ್ಚಿದ.

ಕಾಕಾ ಉಸಿರು ಬಿಟ್ಟ. ಆಮೇಲೆ ಏನೋ ಇನ್ನೂ ಬಾಕಿ ಇದೆ ಎಂಬಂತೆ ಅಡುಗೆಮನೆಯ ಕಡೆ ತಿರುಗಿದ.

"ವೈನಿ, ನೀವೂ ಒಂದ್ ಮಾತ ಮಾಫ್ ಮಾಡೀನಿ ಅಂದ್ಬಿಡ್ರಿ. ಅವನ ಕಡಿಂದ ಅನ್ನಾಕ ಯಾರೂ ಇಲ್ಲ. ನಿಮ್ಮಲ್ಲಿ ನಡೀತದಲ್ಲರಿ, ಬ್ಯಾರೆಯವರ ಸಲುವಾಗಿ ಕೇಳಿಕೊಳ್ಳೋದು?"

ಅವ್ವ ಸೌಟು ಕೈಗೆತ್ತಿಕೊಂಡಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಅವಳು ಈಗ ಇಲ್ಲ ಎನ್ನುತ್ತಾಳೆ ಎಂದು ನಾನು ಕಾದೆ. ಅವಳ ಇಲ್ಲ ಎಂಬ ಒಂದು ಮಾತಿಗಾಗಿ ನಾನು ಇಡೀ ಬಾಲ್ಯ ಕಾದಿದ್ದೆ ಎಂದು ಆ ಕ್ಷಣದಲ್ಲಿ ಗೊತ್ತಾಯಿತು. ಅಪ್ಪನೂ ಅದಕ್ಕೇ ಕಾಯುತ್ತಿದ್ದ ಎಂದು ಕಾಣುತ್ತದೆ. ಅವನು ಕಂಬಳಿಯ ಅಂಚು ಹಿಡಿದುಕೊಂಡು, ಮಡಿಸದೆ, ಅವಳ ಬೆನ್ನನ್ನೇ ನೋಡುತ್ತಿದ್ದ. ಅವ್ವ ಸಾರಿನ ರುಚಿ ನೋಡಿದಳು. ಒಲೆ ಆರಿಸಿದಳು.

"ಮಾಡೀನಿ," ಎಂದಳು, ಆಸ್ಪತ್ರೆಯಲ್ಲಿ ಮುಂದಿನ ರೋಗಿಯನ್ನು ಕರೆಯುವ ದನಿಯಲ್ಲಿ. "ಕೈ ತೊಳಕೊಂಡು ಬಾ. ಅನ್ನ ಹಾಕ್ತೀನಿ."

ಕಾಕಾ ಕೈ ತೊಳೆದುಕೊಂಡು ಬಂದು ಕೂತ.